ಈರೋಡ್ ಕಲೆಕ್ಟರ್ ಅವ್ರೇ, ನಮ್ಮವ್ವನ ಹೆಸರಲ್ಲಿರೋ ಒಂದಕ್ಷರದ ಬಗ್ಗೆ

ಈರೋಡ್ ಜಿಲ್ಲಾ ಕಲೆಕ್ಟರ್ ಅವ್ರಿಗೆ, ನಿಮ್ಮ ಜಿಲ್ಲೆಯ ಬೆಟ್ಟದ ಮೇಲೆ, ಕರ್ನಾಟಕದ ಗಡಿಗೆ ಅಂಟ್ಕೊಂಡಿರೋ ತಾಳವಾಡಿಯಿಂದ ನಮಸ್ಕಾರ.

ಈ ಪತ್ರ ಕನ್ನಡದಲ್ಲಿ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ. ನಂಗೆ ತಮಿಳು ಓದೋಕೂ ಬರುತ್ತೆ ಬರೆಯೋಕೂ ಬರುತ್ತೆ, ಇದೇ ವಿಷ್ಯಾನ ತಮಿಳಲ್ಲಿ ಮೂರು ಸಲ ಅರ್ಜಿ ಬರೆದು ಕೊಟ್ಟಿದೀನಿ, ಅದರ ರಸೀದಿ ಮೂರೂ ಅವ್ವನ ಟ್ರಂಕಲ್ಲಿ ಪಟ್ಟಾ, ಅಂದ್ರೆ ಜಮೀನಿನ ಹಕ್ಕುಪತ್ರದ ಜೊತೆ ಮಡಚಿಟ್ಟಿದೆ. ಆದ್ರೆ ಈ ಸಲ ಅವ್ವನ ಪಕ್ಕದಲ್ಲೇ ಕೂತು ಬರೀತಿದೀನಿ, ಬರೆದಿದ್ದನ್ನ ಓದಿ ಹೇಳಬೇಕು, ಅವ್ಳು ಹೂಂ ಅಂದ್ರೆ ಮಾತ್ರ ಕಳಿಸ್ಬೇಕು ಅಂತ ಮಾತಾಗಿದೆ.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ನಮ್ಮ ಬಾಳೆ ತೋಟಕ್ಕೆ ಆನೆ ಬಂತು. ರಾತ್ರಿ ಹೊತ್ತು ಆನೆ ಬಾಳೆ ಮುರಿಯೋ ಸದ್ದು ಒಣ ಮರ ಮುರಿದಂಗೆ ಇರಲ್ಲ ಕಲೆಕ್ಟರ್ ಅವ್ರೇ, ನೆನೆದ ಬಟ್ಟೆನ ಬಂಡೆ ಮೇಲೆ ಒಗೆದಂಗೆ ಇರುತ್ತೆ, ಮಧ್ಯ ಮಧ್ಯ ಸುಮ್ನಾಗುತ್ತೆ, ಆಗ ಅದು ದಿಂಡು ಸೀಳಿ ತಿಂತಿದೆ ಅಂತ ಅರ್ಥ. ಬೆಳಗ್ಗೆ ಎದ್ದು ಅವ್ವ ಒಂದೊಂದೇ ಬುಡ ಮುಟ್ಟಿ ಎಣಿಸಿದ್ಲು, 140 ಗಿಡ ಹೋಗಿತ್ತು, ಅದರಲ್ಲಿ ಅರ್ಧಕ್ಕರ್ಧ ಗೊನೆ ಬಿಟ್ಟಿದ್ದು. ಫಾರೆಸ್ಟ್ ವಾಚರ್ ಬಂದು ಫೋಟೋ ಹಿಡಿದ್ರು, ಊರಿನ ಕಂದಾಯ ನೋಡ್ಕೊಳ್ಳೋ ವಿಏಓ ಬಂದು ಬರ್ಕೊಂಡ್ರು, ಪಟ್ಟಾ, ಜಮೀನಿನ ದಾಖಲೆ ಚಿಟ್ಟಾ, ಆಧಾರ್ ಪಾಸ್‌ಬುಕ್ ಎಲ್ಲಾ ಜೆರಾಕ್ಸ್ ಕೊಟ್ವಿ. ಅಲ್ಲೀತಂಕ ಯಾರೂ ಏನೂ ತಪ್ಪು ಮಾಡಿಲ್ಲ, ಎಲ್ಲರೂ ಬೇಗ ಬೇಗ ಮಾಡಿಕೊಟ್ರು.

ಪರಿಹಾರದ ದುಡ್ಡು ಮಾತ್ರ ಬರ್ಲಿಲ್ಲ. ಆರು ತಿಂಗಳು ಕಾದು ಒಂದು ಕಚೇರೀಲಿ ವಿಚಾರಿಸಿದ್ರೆ, ಪಟ್ಟಾದಲ್ಲಿರೋ ಹೆಸರು ಬೇರೆ, ಪಾಸ್‌ಬುಕ್ಕಲ್ಲಿರೋ ಹೆಸರು ಬೇರೆ, ಇಬ್ಬರೂ ಒಬ್ಬರೇ ಅನ್ನೋಕೆ ಪ್ರೂಫ್ ತನ್ನಿ ಅಂದ್ರು. ಅವ್ವನ ಹೆಸರು ಗ ಅಕ್ಷರದಿಂದ ಶುರುವಾಗುತ್ತೆ. ತಮಿಳು ಲಿಪೀಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ-ಬ, ತ-ದ ಕೂ ಹಂಗೇ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದನ್ನ ಓದೋ ತಮಿಳರಿಗೆ ಎಲ್ಲಿ ಕ ಎಲ್ಲಿ ಗ ಅಂತ ಬಾಯಲ್ಲೇ ಗೊತ್ತಾಗುತ್ತೆ, ತಮಿಳು ಮಾತಿಗೆ ಅದು ಸರಿಯಾಗೇ ಇದೆ. ಆದ್ರೆ ಕನ್ನಡದ ಹೆಸರು ಮೊದ್ಲು ತಮಿಳಿಗೆ ಹೋಗಿ, ಆಮೇಲೆ ಯಾರೋ ಕಂಪ್ಯೂಟರ್ ಮುಂದೆ ಕೂತು ಅದನ್ನ ಇಂಗ್ಲಿಷಿಗೆ ಟೈಪ್ ಮಾಡ್ವಾಗ ಗೌರಮ್ಮ ಕೌರಮ್ಮ ಆಗ್ತಾಳೆ, ಬಸವಣ್ಣ ಪಸವಣ್ಣ ಆಗ್ತಾನೆ, ದೇವಮ್ಮ ತೇವಮ್ಮ ಆಗ್ತಾಳೆ. ಬ್ಯಾಂಕ್ ಅಕೌಂಟು ಮೊದಲೇ ಚಾಮರಾಜನಗರದಲ್ಲಿ ಮಾಡಿಸಿದ್ದಾದ್ರೆ ಅಲ್ಲಿ ಗ ಸರಿಯಾಗಿ ಕೂತಿರುತ್ತೆ, ಎರಡೂ ಹೊಂದಲ್ಲ, ಕೆಲ್ಸ ನಿಲ್ಲುತ್ತೆ. ಈ ಬೆಟ್ಟದ ಮೇಲೆ ಯಾವ ಮನೆಗೆ ಹೋದ್ರೂ ಇಂಥದ್ದೊಂದು ಕಾಗದ ತೋರಿಸ್ತಾರೆ. ನಾನು ಅವ್ವನಿಗೆ ವಿಷ್ಯ ಬಿಡಿಸಿ ಹೇಳ್ದಾಗ ಅವ್ಳು ಸ್ವಲ್ಪ ಹೊತ್ತು ಸುಮ್ನಿದ್ದು, "ನಮ್ಮಪ್ಪ ಇಟ್ಟ ಎಸ್ರು ಮಗಾ, ನನ್ ಕೇಳ್ದಂಗೇ ಬದ್ಲಾಯಿಸ್ಬುಟ್ಟವ್ರಲ್ಲ" ಅಂದ್ಲು. ನಂಗೆ ಉತ್ರ ಗೊತ್ತಾಗ್ಲಿಲ್ಲ.

ತಿದ್ದುಪಡಿಗೆ ಅಂತ ಅವ್ವನ್ನ ಕರ್ಕೊಂಡು ಬೆಟ್ಟ ಇಳಿದ್ವಿ. ನಮ್ಮೂರಿಂದ ಈರೋಡಿಗೆ ಸುಮಾರು 125 ಕಿಲೋಮೀಟರ್, ಹಾಸನೂರು ದಾಟಿ, ಕಾಡು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ತಿ (ಸತ್ಯಮಂಗಲ), ಗೋಬಿ (ಗೋಬಿಚೆಟ್ಟಿಪಾಳ್ಯ) ಅಂತ ಹೋಗ್ಬೇಕು. ಅವ್ವ ಎಂಟನೇ ತಿರುವಿಗೇ ಕಣ್ಣು ಮುಚ್ಕೊಂಡ್ಲು, ಒಂದ್ ಕೈಲಿ ನಿಂಬೆಹಣ್ಣು ಮೂಗಿಗೆ ಹಿಡಿದು ಇನ್ನೊಂದ್ ಕೈಲಿ ಕಾಗದದ ಕವರ್ ಗಟ್ಟಿಯಾಗಿ ಎದೆಗೆ ಒತ್ಕೊಂಡು ಕೂತಿದ್ಲು, ವಾಂತಿ ಬಂದ್ರೂ ಕವರ್ ಮಾತ್ರ ಬಿಡ್ಲಿಲ್ಲ. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು, ಅಲ್ಲೇ ಒಂದೂವರೆ ಗಂಟೆ ಹೋಯ್ತು. ಕೆಳಗಿನ ಆ ಕಚೇರೀಲಿ ಇದ್ದೋರು ಒಳ್ಳೆಯವರೇ, ಅವ್ವನಿಗೆ ಚೇರ್ ಕೊಟ್ರು, ನೀರು ಕೊಟ್ರು. ಆದ್ರೆ ಅವ್ರು ಕೇಳಿದ್ದು ಅವ್ವನಿಗೆ ಅರ್ಥ ಆಗ್ಲಿಲ್ಲ, ಅವ್ವ ಹೇಳಿದ್ದು ಅವ್ರಿಗೆ ಅರ್ಥ ಆಗ್ಲಿಲ್ಲ, ನಾನು ಮಧ್ಯ ನಿಂತು ಹೇಳ್ದೆ. ಕೊನೆಗೆ ಅರ್ಜಿ ತಗೊಂಡು, ಇದನ್ನ ತಾಲೂಕಿಗೆ ಕಳಿಸ್ತೀವಿ ಅಂದ್ರು. ಅಂದ್ರೆ ಅದು ವಾಪಸ್ ಬೆಟ್ಟ ಹತ್ತಿ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರಕ್ಕೆ ಬರುತ್ತೆ ಅಂತ. ಅವತ್ತು ರಾತ್ರಿ ಸತ್ತೀಲೇ ನೆಂಟರ ಮನೇಲಿ ಉಳ್ಕೊಂಡ್ವಿ.

ನಮ್ಮ ಜಾಗ ಹೆಂಗಿದೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಈ ಪತ್ರ ಓದೋ ಕನ್ನಡದೋರಲ್ಲೂ ತುಂಬಾ ಜನಕ್ಕೆ ತಾಳವಾಡಿ ಅಂದ್ರೆ 2000ನೇ ಇಸವಿ ಜುಲೈ 30ರ ರಾತ್ರಿ ದೊಡ್ಡಗಾಜನೂರಿಂದ ರಾಜ್‌ಕುಮಾರ್ ಅವ್ರನ್ನ ವೀರಪ್ಪನ್ ಕರ್ಕೊಂಡ್ ಹೋದ ಊರು ಅನ್ನೋದಷ್ಟೇ ಗೊತ್ತು, ಇಲ್ಲಾಂದ್ರೆ ಸಗಣಿ ಎರಚಾಡೋ ಗುಮಟಾಪುರದ ಗೊರೆಹಬ್ಬ. ಹಿಂದೆ ಮದ್ರಾಸ್ ರಾಜ್ಯದಲ್ಲಿ ನಾವೂ ಕೊಳ್ಳೇಗಾಲದೋರೂ ಒಂದೇ ಕೊಯಮತ್ತೂರು ಜಿಲ್ಲೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ನಾವು ಇಲ್ಲೇ ಉಳಿದ್ವಿ. 1979ರಲ್ಲಿ ಕೊಯಮತ್ತೂರು ಒಡೆದು ಈಗಿನ ನಿಮ್ಮ ಜಿಲ್ಲೆ ಆಯ್ತು, ಆಗ ಅದರ ಹೆಸರು ಪೆರಿಯಾರ್ ಜಿಲ್ಲೆ. ಸತ್ಯಮಂಗಲದಿಂದ ಬೇರೆ ಮಾಡಿ ನಮ್ಗೇ ಅಂತ ತಾಲೂಕು ಕೊಟ್ಟಿದ್ದು 2016ರಲ್ಲಿ, ಅದಕ್ಕೆ ಇವತ್ತಿಗೂ ಋಣಿಯಾಗಿದೀವಿ, ಅದಕ್ಕೂ ಮುಂಚೆ ಒಂದು ಜಾತಿ ಸರ್ಟಿಫಿಕೇಟಿಗೂ ಘಾಟಿ ಇಳೀಬೇಕಿತ್ತು. ಆದ್ರೂ ಈಗ್ಲೂ ತಾಲೂಕಿನ ಮೇಲಿನ ಕಂದಾಯ ಅಧಿಕಾರಿ ಆರ್‌ಡಿಓ ಗೋಬೀಲಿ, ಕಲೆಕ್ಟರ್ ಈರೋಡಲ್ಲಿ, ಎಮ್ಮೆಲ್ಲೆ ಭವಾನಿಸಾಗರ ಕ್ಷೇತ್ರದೋರು, ಎಂಪಿ ನೀಲಗಿರಿ ಕ್ಷೇತ್ರದೋರು. ನಮ್ಗೆ ಹತ್ರ ಅಂದ್ರೆ ಚಾಮರಾಜನಗರ, ಸುಮಾರು 25 ಕಿಲೋಮೀಟರ್, ಆಸ್ಪತ್ರೆಗೂ ಮದ್ವೆ ಬಟ್ಟೆಗೂ ಅಲ್ಲಿಗೇ ಓಡ್ತೀವಿ, ಆದ್ರೆ ಕಾಗದ ಪತ್ರ ಅಂದ ಕೂಡ್ಲೇ ಘಾಟಿ.

ಸುತ್ತ ಕಾಡು. 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ ಆಯ್ತು, 1,400 ಚದರ ಕಿಲೋಮೀಟರಿಗೂ ಜಾಸ್ತಿ. ಕಾಡು ಉಳೀಬೇಕು, ಅದರ ಬಗ್ಗೆ ನನ್ನ ಜಗಳ ಇಲ್ಲ. ಕರುಪ್ಪನ್ ಅಂತ ಹೆಸರಿಟ್ಟಿದ್ದ ಆನೇನ 2023ರಲ್ಲಿ ಹಿಡಿದು ಸಾಗಿಸಿದಾಗ ಊರೋರೆಲ್ಲ ನಿಟ್ಟುಸಿರು ಬಿಟ್ರೂ ಅವ್ವ ಮಾತ್ರ "ಅದ್ಕೂ ಒಟ್ಟೆ ಅದಲ್ವಾ" ಅಂತಿದ್ಲು. 2022ರಲ್ಲಿ ಹೈಕೋರ್ಟ್ ಹೇಳಿ ದಿಂಬಂ ರೋಡಲ್ಲಿ ರಾತ್ರಿ ವಾಹನ ನಿಲ್ಲಿಸಿದಾಗ ಇಲ್ಲಿ ಜನ ಗಾಬರಿ ಬಿದ್ರು, ಅಂಗಡಿ ಮುಚ್ಚಿ ಕೂತ್ರು, ಮೂಲ ಆದೇಶ 2019ರದ್ದು ಅಂತ ಎಷ್ಟೋ ಜನಕ್ಕೆ ಅವತ್ತೇ ಗೊತ್ತಾಗಿದ್ದು. ಗೊತ್ತಾಗೋದಾದ್ರೂ ಹೆಂಗೆ, ಗೋಡೆ ಮೇಲಿನ ತಮಿಳು ನೋಟಿಸನ್ನ ಐವತ್ತು ದಾಟಿದೋರು ಓದೋಕಾಗಲ್ಲ. ನಮ್ಮ ಮಕ್ಳು ಓದ್ತಾರೆ. ಶಾಲೇಲಿ ತಮಿಳು ಕಡ್ಡಾಯ ಮಾಡಿದ 2006ರ ಕಾನೂನು ಬಂದ್ಮೇಲೆ ಒಂದನೇ ಕ್ಲಾಸಿಂದ ತಮಿಳು ಕಲೀತಿದಾರೆ, ಕಲೀಲಿ, ಒಳ್ಳೇದೇ, ನನ್ನ ತಂಗಿ ಮಗಳು ತಿರುಕ್ಕುರಳ್ ಬಾಯಿಪಾಠ ಹೇಳ್ವಾಗ ಅವ್ವ ಕೆಲ್ಸ ಬಿಟ್ಟು ಕೇಳ್ತಾಳೆ. ಆದ್ರೆ ಅವ್ವನ ವಯಸ್ಸಿನೋರು, ಗೇರ್ಮಾಳದ ಸೋಲಿಗರ ಅಜ್ಜ ಅಜ್ಜೀರು, ಇವ್ರು ಈಗ ಹೊಸ ಲಿಪಿ ಕಲೀಬೇಕು ಅಂದ್ರೆ ಆಗುತ್ತಾ?

ಇಲ್ಲಿ ಒಂದು ಮಾತು ಬಿಡಿಸಿ ಹೇಳ್ತೀನಿ. ನಮ್ಮನ್ನ ಕರ್ನಾಟಕಕ್ಕೆ ಸೇರಿಸಿ ಅಂತ ನಾನು ಕೇಳ್ತಿಲ್ಲ, ಗಡಿ ವಿಚಾರ ಎತ್ತೋರು ದಯವಿಟ್ಟು ಈ ಪತ್ರಾನ ಅದಕ್ಕೆ ಬಳಸ್ಕೋಬೇಡಿ. ನಮ್ಗೆ ರೇಷನ್ ಅಕ್ಕಿ ಕೊಡ್ತಿರೋದು ತಮಿಳುನಾಡು, ನನ್ನ ಕಾಲೇಜಿಗೆ ಸ್ಕಾಲರ್‌ಶಿಪ್ ಕೊಟ್ಟಿದ್ದು ತಮಿಳುನಾಡು, ಅವ್ವ ಫ್ರೀ ಬಸ್ಸಲ್ಲಿ ಓಡಾಡೋದೂ ಇಲ್ಲೇ. ನಾವು ಈ ಜಿಲ್ಲೆಯೋರು, ಅದಕ್ಕೇ ನಿಮ್ಮನ್ನ ಕೇಳ್ತಿರೋದು.

ಕೇಳ್ತಿರೋದು ಹೊಸದೇನೂ ಅಲ್ಲ. 1956ರಲ್ಲೇ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ಬಗ್ಗೆ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ, ಒಂದು ಜಾಗದಲ್ಲಿ ಬೇರೆ ಭಾಷೆಯೋರು ನೂರಕ್ಕೆ 15-20 ಇದ್ರೂ ಮುಖ್ಯವಾದ ಸರ್ಕಾರಿ ನೋಟಿಸು, ನಿಯಮ ಎಲ್ಲಾ ಅವರ ಭಾಷೇಲೂ ಹಾಕ್ಬೇಕು ಅಂತ. ತಾಳವಾಡಿ ಸಂತೇಲಿ ಹತ್ತು ನಿಮಿಷ ನಿಂತ್ರೆ ಸಾಕು, ಯಾವ ಭಾಷೆ ಕಿವಿಗೆ ಬೀಳುತ್ತೆ ಅಂತ ಲೆಕ್ಕ ಹಾಕೋದೇ ಬೇಡ. ತಮಿಳು ಮೇಲೇ ಇರ್ಲಿ, ಅದರ ಕೆಳಗೆ ಎರಡು ಸಾಲು ಕನ್ನಡ ಇರ್ಲಿ, ಪರಿಹಾರದ ಫಾರಂಗೆ, ಪಟ್ಟಾ ಫಾರಂಗೆ, ಘಾಟಿ ರೋಡಿನ ನೋಟಿಸಿಗೆ. ಫಾರಮ್ಮಲ್ಲಿ ಹೆಸರಿನ ಕೆಳಗೆ ಇನ್ನೊಂದು ಗೆರೆ ಬಿಡಿ, ಅಲ್ಲಿ ಕನ್ನಡದಲ್ಲೇ ಹೆಸರು ಬರೀತೀವಿ, ಇಂಗ್ಲಿಷಿಗೆ ಟೈಪ್ ಮಾಡೋರು ಆ ಗೆರೆ ನೋಡಿ ಮಾಡ್ಲಿ. ಈಗಾಗ್ಲೇ ಕೆಟ್ಟಿರೋ ಹೆಸರುಗಳಿಗೆ ಒಂದು ವಾರ ಕ್ಯಾಂಪ್ ಹಾಕಿ, ವೋಟರ್ ಐಡಿ ಪಾಸ್‌ಬುಕ್ ಪಟ್ಟಾ ಒಟ್ಟಿಗಿಟ್ಟು ಅಲ್ಲೇ ತಿದ್ದಿಕೊಡ್ಲಿ, ಅಫಿಡವಿಟ್ಟು ಗೆಜೆಟ್ಟು ಅಂತ ಬಡವರನ್ನ ಅಲೆಸೋದು ಬೇಡ.

ಮತ್ತೆ ಈರೋಡಲ್ಲಿ ನಡೆಯೋ ಸೋಮವಾರದ ಕುಂದುಕೊರತೆ ಸಭೆ. ಜಿಲ್ಲೆಯ ಬೇರೆ ಊರೋರಿಗೆ ಅದು ಒಂದು ಬೆಳಗಿನ ಕೆಲ್ಸ, ನಮ್ಗೆ ಎರಡು ದಿನದ ಕೂಲಿ. ಕಲೆಕ್ಟರೇ ತಿಂಗಳಿಗೊಂದು ದಿನ ಒಂದು ತಾಲೂಕಲ್ಲಿ ಇದ್ದು ಜನರ ಮಾತು ಕೇಳೋ 'ಉಂಗಳೈ ತೇಡಿ ಉಂಗಳ್ ಊರಿಲ್' ಅಂತ ಯೋಜನೆ 2024ರಲ್ಲಿ ನಿಮ್ಮ ಸರ್ಕಾರವೇ ಶುರು ಮಾಡ್ತು, ಹೆಸರಿನ ಅರ್ಥವೇ ನಿಮ್ಮನ್ನ ಹುಡ್ಕೊಂಡು ನಿಮ್ಮೂರಿಗೆ ಅಂತ. ಸರದಿ ಬರೋ ತಂಕ ಕಾಯೋದು ಬೇಡ, ಬೆಟ್ಟದ ಮೇಲಿನ ಜನಕ್ಕೆ ಎರಡು ತಿಂಗಳಿಗೊಂದ್ಸಲ ಆದ್ರೂ ಇಲ್ಲೇ ಸಭೆ ಇಡಿ, ನೀವು ಬರೋಕಾಗ್ದಿದ್ರೆ ನಿರ್ಧಾರ ತಗೊಳ್ಳೋ ಅಧಿಕಾರ ಇರೋರನ್ನ ಕಳ್ಸಿ, ಜೊತೇಲಿ ಕನ್ನಡ ಬರೋ ಒಬ್ರು ಇರ್ಲಿ. ಇಲ್ಲಿನ ಓದಿದ ಹುಡುಗ ಹುಡುಗೀರು ಎರಡೂ ಭಾಷೆ ಸರಾಗವಾಗಿ ಮಾತಾಡ್ತಾರೆ, ಕೂರ್ಸಿದ್ರೆ ಖುಷಿಯಿಂದ ಕೂರ್ತಾರೆ, ನಾನಂತೂ ಸಂಬಳ ಇಲ್ದೆ ಬರ್ತೀನಿ.

ಇಷ್ಟನ್ನ ಅವ್ವನಿಗೆ ಓದಿ ಹೇಳ್ದೆ. ಬಾಳೆ ಲೆಕ್ಕ ಸರಿ ಇದೆ ಅಂದ್ಲು, ವಾಂತಿ ವಿಷ್ಯ ಬೇಡ ಅಂದ್ಲು, ಕ್ಷಮಿಸು ಅವ್ವ, ಅದನ್ನ ಬಿಟ್ಟಿಲ್ಲ. ಆಮೇಲೆ ಇನ್ನೊಂದು ಸೇರ್ಸು ಅಂತ ಹೇಳಿದ್ಲು. ಈ ಸಲದ ಬಾಳೆ ಇನ್ನೂ ಮೂರು ತಿಂಗಳಿಗೆ ಗೊನೆ ಬಿಡುತ್ತೆ, ಆಮೇಲೆ ರಾತ್ರಿಯೆಲ್ಲಾ ನಾವು ಅಟ್ಟಣೆ ಮೇಲೆ ಕಾವಲಿರ್ತೀವಿ, ಹಗಲು ಕಣ್ಣು ಎಳೀತಾ ಇರುತ್ತೆ, ಅದಕ್ಕೆ ಬರೋದಾದ್ರೆ ಅಷ್ಟರೊಳಗೆ ಬನ್ನಿ ಅಂತ. ಬೆಳಗ್ಗೆ ಬೇಗ ಹೊರಡಿ, ಘಾಟಿಯಲ್ಲಿ ಲಾರಿ ನಿಂತ್ರೆ ತಡ ಆಗುತ್ತೆ, ಊಟ ನಮ್ಮನೇಲೇ, ರಾಗಿಮುದ್ದೆ, ಅವರೆಕಾಳು ಸಾರು.

ಇಂತಿ,
ತಾಳವಾಡಿಯ ಒಬ್ಬ ರೈತ ಹೆಣ್ಣುಮಗಳ ಮಗ