ಬುಕಿಂಗ್ ಮೇಲೆ ಅನುಮಾನ ಬಂದರೆ ಯಾರಿಗೆ ಹೇಳೋದು?

ಸಂಪಾದಕರಿಗೆ ನಮಸ್ಕಾರ.

ಚಿಕ್ಕಮಗಳೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮದು ಮೂರು ಕೋಣೆಯ ಹೋಂಸ್ಟೇ. ಕಾಫಿ ತೋಟದ ನಡುವೆ ಹಳೇ ಹೆಂಚಿನ ಮನೆ. ಕೋಣೆಗೆ ದಿನಕ್ಕೆ 2,200 ರೂಪಾಯಿ, ಬೆಳಗಿನ ಕಡುಬೋ ಅಕ್ಕಿ ರೊಟ್ಟಿಯೋ ಅದರಲ್ಲೇ ಸೇರಿದೆ. ಮೊದಲೆಲ್ಲ ಬಂದು ಹೋದವರು ಇನ್ನೊಬ್ಬರಿಗೆ ಹೇಳಿ, ಅವರು ಫೋನ್ ಮಾಡಿಕೊಂಡು ಬರುತ್ತಿದ್ದರು. ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಬಂದ ಮಗ ಒಂದು ದೊಡ್ಡ ಬುಕಿಂಗ್ ಆಪ್‌ನಲ್ಲಿ ನಮ್ಮ ಮನೆ ಸೇರಿಸಿ ಹೋದ. ವ್ಯಾಪಾರ ಜಾಸ್ತಿಯಾಯಿತು, ಸುಳ್ಳು ಹೇಳಬಾರದು. ನನ್ನ ತಕರಾರು ಬೇರೆ.

ಕಳೆದ ನವೆಂಬರ್ 18ರ ರಾತ್ರಿ ಹನ್ನೊಂದು ದಾಟಿತ್ತು. ಹತ್ತು ನಿಮಿಷದೊಳಗೆ ಫೋನ್ ಮೂರು ಸಲ ಟಿಣ್ ಅಂದಿತು. ಮೂರು ಬುಕಿಂಗ್, ಮೂರು ಹೆಸರು, ತಾರೀಕು ಮಾತ್ರ ಒಂದೇ: ಡಿಸೆಂಬರ್ 23ರಿಂದ 27. ಮೂರಕ್ಕೂ 'ಬಂದ ಮೇಲೆ ಹಣ'. ಮೂರೂ ಅದೇ ತಿಂಗಳು ತೆರೆದ ಖಾತೆಗಳು. ಫೋಟೋ ಇಲ್ಲ, ಹಿಂದೆ ಎಲ್ಲೂ ಉಳಿದ ಗುರುತಿಲ್ಲ. ಒಂದೊಂದು ಕೋಣೆಗೂ ಒಬ್ಬೊಬ್ಬರೇ. ಕ್ರಿಸ್‌ಮಸ್ ವಾರದಲ್ಲಿ ನಾಲ್ಕು ರಾತ್ರಿ ಒಬ್ಬೊಬ್ಬರೇ ತೋಟದ ಮನೆಗೆ ಬಂದು ಏನು ಮಾಡುತ್ತಾರೆ? ಆಗಲೇ ನನಗೆ ಯಾಕೋ ಸರಿ ಕಾಣಲಿಲ್ಲ.

ಬೆಳಗ್ಗೆ ಆಪ್‌ನ ಒಳಗೇ, ಆ ಬುಕಿಂಗ್‌ನವರಲ್ಲಿ ಒಬ್ಬನ ಮೆಸೇಜ್ ಬಂತು. ಅದರಲ್ಲಿ ಫೋನ್ ನಂಬರ್ ಬರೆದರೆ ಆಪ್ ಅಳಿಸಿಬಿಡುತ್ತದೆ. ಅದಕ್ಕೇ ಆ ಮನುಷ್ಯ ಎಂಟು, ಒಂಬತ್ತು, ಸೊನ್ನೆ ಅಂತ ಇಂಗ್ಲಿಷ್ ಅಕ್ಷರದಲ್ಲಿ, ನಡುನಡುವೆ ಚುಕ್ಕಿ ಇಟ್ಟು ಬರೆದಿದ್ದ. ಮಿಲಿಟರಿಯವನಂತೆ, ಜೊತೆಯವರೆಲ್ಲ ರಜೆಗೆ ಬರುತ್ತಾರಂತೆ, ಪೂರ್ತಿ ಹಣ ಮುಂಗಡವೇ ಕೊಡುತ್ತಾನಂತೆ. ವಾಟ್ಸಾಪ್‌ಗೆ ಐಡಿ ಕಾರ್ಡಿನ ಫೋಟೋ ಕಳಿಸಿದ. ಕಾರ್ಡಿನಲ್ಲಿದ್ದ ಹೆಸರು ಮೂರು ಬುಕಿಂಗ್‌ಗಳ ಯಾವ ಹೆಸರಿಗೂ ಕೂಡಲಿಲ್ಲ. ನಮ್ಮ ಭಾವನವರು ಸೈನ್ಯದಲ್ಲಿ 17 ವರ್ಷ ಇದ್ದು ಬಂದವರು. ಅವರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಒಂದು ಸಲ ನೋಡಿ, "ಕಂಡವರಿಗೆಲ್ಲ ಕಾರ್ಡ್ ಕಳಿಸೋ ಸೈನಿಕನ್ನ ನಾನಂತೂ ಕಂಡಿಲ್ಲಮ್ಮ" ಅಂದರು.

ಆಮೇಲೆ ಗೊತ್ತಾಯಿತು, ಇದು ಹಳೇ ಆಟ. "ನಮ್ಮದು ಮಿಲಿಟರಿ ಅಕೌಂಟ್. ನೀವು ಮೊದಲು 5 ರೂಪಾಯಿ ಹಾಕಿ, 10 ವಾಪಸ್ ಬರುತ್ತದೆ" ಎನ್ನುತ್ತಾರೆ. ಹಾಕಿದರೆ ನಿಜವಾಗಿ 10 ಬರುತ್ತದೆ! ನಂಬಿಕೆ ಹುಟ್ಟುವುದೇ ಅಲ್ಲಿ. ಆಮೇಲೆ ಕ್ಯೂಆರ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಪೂರ್ತಿ ದುಡ್ಡು ನಿಮ್ಮ ಖಾತೆಗೆ ಬರುತ್ತದೆ" ಎನ್ನುತ್ತಾರೆ. ಯುಪಿಐಯಲ್ಲಿ ದುಡ್ಡು ಪಡೆಯುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ. ಪಿನ್ ಒತ್ತಿದೆವು ಅಂದರೆ ಹೋಗುವುದು ನಮ್ಮ ದುಡ್ಡೇ. ನಾನು 5 ರೂಪಾಯಿಯನ್ನೂ ಹಾಕಲಿಲ್ಲ. ಪಕ್ಕದೂರಿನ ಹೋಂಸ್ಟೇಯವರು ಹಿಂದಿನ ವರ್ಷ ಹೀಗೆಯೇ 18,000 ಕಳೆದುಕೊಂಡಿದ್ದರು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ನಾನು ನನ್ನ ಕಥೆ ತೆಗೆದ ಮೇಲೆ ಬಾಯಿಬಿಟ್ಟರು.

ಮೋಸಗಾರರು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರ ಮೇಲೆ ದೂರು ಹೇಳುವುದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ನಿಜವಾದ ಪೀಕಲಾಟ ಶುರುವಾದದ್ದು ಆಪ್‌ನವರ ಕಸ್ಟಮರ್ ಕೇರ್‌ಗೆ ಹೇಳಿದಾಗ.

ನಮ್ಮ ಮನೆಯೊಳಗೆ ಇಂಟರ್ನೆಟ್ ಇದೆ, ಫೋನ್ ಸಿಗ್ನಲ್ ಇಲ್ಲ. ಮಾತಾಡಬೇಕಾದರೆ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಹಣ್ಣು ಕೊಯ್ಯುವ ಕಾಲ, ಆಳುಗಳು ಬಂದಿದ್ದಾರೆ, ಕಣದಲ್ಲಿ ಕಾಫಿ ಹರಡುತ್ತಿದ್ದಾರೆ. ನಾನು ಫೋನ್ ಕಿವಿಗಿಟ್ಟು 40 ನಿಮಿಷ ಸಂಗೀತ ಕೇಳುತ್ತಾ ನಿಂತಿದ್ದೇನೆ. ಕನ್ನಡಕ್ಕೆ 4 ಒತ್ತಿ ಅಂತು, ಒತ್ತಿದೆ, ಹಿಂದಿ ಬಂತು. ನನಗೆ ತಿಳಿದಷ್ಟು ಹಿಂದಿಯಲ್ಲಿ ಎಲ್ಲ ಹೇಳಿದೆ. ಹುಡುಗ ಸೌಮ್ಯವಾಗಿಯೇ ಕೇಳಿಸಿಕೊಂಡ. ಕೊನೆಗೆ ಹೇಳಿದ: "ಅನುಮಾನ ಇದ್ದರೆ ನೀವೇ ಕ್ಯಾನ್ಸಲ್ ಮಾಡಿ ಮ್ಯಾಮ್."

ಮಾಡಿದರೆ? ಮೂರಕ್ಕೂ ದಂಡ. ಹುಡುಕಿದವರಿಗೆ ನಮ್ಮ ಮನೆ ಮೂರನೇ ಪುಟದಲ್ಲಿ ಕಾಣುವ ಹಾಗೆ ಕೆಳಗೆ ತಳ್ಳುತ್ತಾರೆ. ಆ ತಾರೀಕುಗಳಿಗೆ ಬೇರೆ ಯಾರಿಗೂ ಕೋಣೆ ಕೊಡದ ಹಾಗೆ ಕ್ಯಾಲೆಂಡರಿಗೆ ಬೀಗ. ಅತಿಥಿ ತಾನಾಗಿ ರದ್ದು ಮಾಡಿದರೆ ನಮಗೆ ಏನೂ ಇಲ್ಲ. ಮೋಸ ಮಾಡಲು ಬಂದವನು ಪಾಪ ನಮ್ಮ ಕಷ್ಟ ನೋಡಿ ರದ್ದು ಮಾಡುತ್ತಾನಾ?

"ಹಾಗಾದರೆ ನೀವು ರದ್ದು ಮಾಡಿ" ಅಂದೆ. ಸಾಕ್ಷಿ ಬೇಕಂತೆ. ವಾಟ್ಸಾಪ್ ಮಾತುಕತೆ ಕಳಿಸಿದೆ. ಅದು ಆಪ್‌ನ ಹೊರಗೆ ನಡೆದದ್ದು, ಲೆಕ್ಕಕ್ಕಿಲ್ಲವಂತೆ. ನಂಬರ್ ಕೊಟ್ಟದ್ದು ನಿಮ್ಮ ಆಪ್‌ನ ಒಳಗೇ ಅಲ್ವಾ ಅಂದರೆ, ಅಲ್ಲಿ ನಂಬರ್ ಕಾಣಿಸುತ್ತಿಲ್ಲವಂತೆ, ಬರೀ ಅಕ್ಷರ ಇದೆಯಂತೆ. ಮೊದಲನೇ ಟಿಕೆಟ್ (ದೂರಿಗೆ ಅವರು ಹೇಳುವ ಹೆಸರು) ಎರಡೇ ದಿನದಲ್ಲಿ 'ಬಗೆಹರಿದಿದೆ' ಎಂದು ಕ್ಲೋಸ್ ಆಯಿತು. ಎರಡನೆಯದೂ ಹಾಗೇ. ಮೂರನೆಯದನ್ನು ಮುಚ್ಚುವಾಗ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದರು. ಒಂದು ಕೊಟ್ಟು 'ಏನೂ ಬಗೆಹರಿದಿಲ್ಲ' ಎಂದು ಬರೆದೆ. 'ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಬಂತು.

ಇಷ್ಟರಲ್ಲಿ ಪ್ರತಿ ಕ್ರಿಸ್‌ಮಸ್ ರಜೆಗೆ ಬರುವ ಮೈಸೂರಿನ ಕುಟುಂಬ ಫೋನ್ ಮಾಡಿತು. ಅವರ ಮಗಳು ನಮ್ಮಲ್ಲೇ ಸೈಕಲ್ ಕಲಿತವಳು. ಕೋಣೆ ಖಾಲಿ ಇಲ್ಲ ಅಂದೆ. ಯಾರು ಬರುತ್ತಾರೆ ಎಂದು ಕೇಳಿದರೆ ಏನು ಹೇಳುವುದು? ಅವರು ಸಕಲೇಶಪುರದ ಕಡೆ ಹೋದರು.

ಠಾಣೆಗೂ ಹೋಗಿದ್ದೆವು. ದುಡ್ಡು ಹೋಗಿದೆಯಾ ಎಂದು ಕೇಳಿದರು. ಇಲ್ಲ ಅಂದೆವು. ಒಳ್ಳೇದಾಯ್ತಲ್ಲ ಅಂದರು. ಅವರ ಮಾತೂ ತಪ್ಪಲ್ಲ. ದುಡ್ಡು ಹೋದವರಿಗೆ 1930 ಸೈಬರ್ ವಂಚನೆ ಸಹಾಯವಾಣಿ ಇದೆ, ಹೋದ ತಕ್ಷಣ ಫೋನ್ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. (ಮುಳ್ಳಯ್ಯನಗಿರಿಯ ಎತ್ತರವೂ ಸುಮಾರು 1930 ಮೀಟರ್ ಅನ್ನುತ್ತಾರೆ, ನಮ್ಮ ಜಿಲ್ಲೆಯವರಿಗೆ ಈ ನಂಬರ್ ಮರೆಯಬಾರದು.) ಆದರೆ ದುಡ್ಡು ಹೋಗುವುದಕ್ಕೆ ಮುಂಚೆಯೇ ಎಚ್ಚೆತ್ತುಕೊಂಡವರು ಎಲ್ಲಿಗೆ ಹೋಗಬೇಕು?

ದಾರಿ ತೋರಿಸಿದ್ದು ನಮ್ಮಲ್ಲಿ ಉಳಿದುಕೊಂಡಿದ್ದ ಒಬ್ಬ ವಕೀಲರು, ಅದೂ ಕಾಫಿ ಕುಡಿಯುತ್ತಾ ಜಗಲಿಯಲ್ಲಿ. ಕೊಳ್ಳುವ ಗ್ರಾಹಕರಿಗಾದರೆ 2020ರ ಇ-ಕಾಮರ್ಸ್ ನಿಯಮ ಇದೆ, 1915 ಸಹಾಯವಾಣಿ ಇದೆ. "ನೀವು ಗ್ರಾಹಕರಲ್ಲ, ಮಾರುವವರು. ಆದರೆ 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮ ಹಿಡಿದು ಬರೆಯಿರಿ" ಅಂದರು. ಅದರ ಪ್ರಕಾರ ಇಂಥ ಆಪ್‌ಗಳು ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸ ಪ್ರಕಟಿಸಬೇಕು. ದೂರು ಬಂದ 24 ಗಂಟೆಯಲ್ಲಿ ತಲುಪಿದೆ ಎಂದು ತಿಳಿಸಬೇಕು, ಆಗಿನ ನಿಯಮದಂತೆ 15 ದಿನದಲ್ಲಿ ಇತ್ಯರ್ಥ ಮಾಡಬೇಕಿತ್ತು. ಹುಡುಕಿದೆವು. ವೆಬ್‌ಸೈಟಿನ ತೀರಾ ಕೆಳಗೆ, ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ ಸಿಕ್ಕಿತು. ಬರೀ ಇಮೇಲ್. ಡಿಸೆಂಬರ್ 1ರಂದು ಬರೆದೆ. ಮರುದಿನವೇ ಸ್ವೀಕೃತಿ ಬಂತು. ಸರಿಯಾಗಿ 15ನೇ ದಿನ ಉತ್ತರ: ಎರಡು ಖಾತೆ ತೆಗೆದಿದ್ದೇವೆ, ಮೂರನೆಯದರಲ್ಲಿ ತಪ್ಪು ಕಂಡಿಲ್ಲ. ಮೂರೂ ಒಂದೇ ರಾತ್ರಿ ಹತ್ತು ನಿಮಿಷದೊಳಗೆ ಬಂದವು ಅಂತ ನಾನು ಮೊದಲ ಸಾಲಿನಲ್ಲೇ ಬರೆದಿದ್ದೆ.

ನಮ್ಮಲ್ಲಿ ಉಳಿದವರೆಲ್ಲರ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದಿಡುತ್ತೇವೆ, ಪೊಲೀಸರು ಕೇಳಿದರೆ ತೋರಿಸುತ್ತೇವೆ. ಬಾಗಿಲಿಗೆ ಬರುವ ತನಕ ಬರುತ್ತಿರುವವರು ಯಾರು ಅಂತ ನಮಗೆ ಹೇಳುವ ಜವಾಬ್ದಾರಿ ಮಾತ್ರ ಆಪ್‌ಗೆ ಇಲ್ಲ. ಪ್ರವಾಸೋದ್ಯಮ ಇಲಾಖೆಯವರು ಹೋಂಸ್ಟೇ ನೋಂದಣಿಗೆ ನಮ್ಮಿಂದ ಹತ್ತಾರು ಕಾಗದ ಕೇಳುತ್ತಾರೆ, ಕೇಳಲಿ. ಅವರೇ ಈ ಆಪ್‌ನವರನ್ನೂ ಒಂದು ಸಲ ಕೂರಿಸಿಕೊಂಡು ಮಾತಾಡಲಿ. 'ಈ ಬುಕಿಂಗ್ ಮೇಲೆ ಅನುಮಾನ ಇದೆ' ಅಂತ ಒಂದು ಬಟನ್ ಇಡಿ. ಅದನ್ನು ಒತ್ತಿದ ದಿನ ದಂಡ ಬೇಡ. ಎರಡು ದಿನದೊಳಗೆ ಕನ್ನಡ ಬಲ್ಲ ಒಬ್ಬ ಮನುಷ್ಯ ಫೋನ್ ಮಾಡಲಿ. ಅತಿಥಿ ತಾನು ಯಾರೆಂದು ತೋರಿಸದಿದ್ದರೆ ತಾರೀಕು ಬಿಟ್ಟುಕೊಡಿ. ಇದೇನು ದೊಡ್ಡ ವರ ಅಲ್ಲ.

ಮೂರನೇ ಬುಕಿಂಗ್ ಏನಾಯಿತು ಅಂತ ಹೇಳಬೇಕಲ್ಲ. ಡಿಸೆಂಬರ್ 23ಕ್ಕೆ ಹಾಸಿಗೆ ಹೊದಿಕೆ ಬದಲಿಸಿದೆ, ಬಿಸಿನೀರಿನ ಒಲೆಗೆ ಸೌದೆ ಹಾಕಿಸಿದೆ. ಬರುವುದಿಲ್ಲ ಅಂತ ಗೊತ್ತು. ಆದರೂ ರಾತ್ರಿ ಅಡುಗೆಗೆ ಒಬ್ಬರ ಪಾಲಿನ ಅಕ್ಕಿ ಜಾಸ್ತಿ ಹಾಕಿದೆ. ನಿಜವಾಗಿ ಯಾರಾದರೂ ಬಂದುಬಿಟ್ಟರೆ? ಬರಲಿಲ್ಲ. 27ಕ್ಕೆ ಆಪ್‌ನಿಂದ ಮೆಸೇಜ್ ಬಂತು, ನಿಮ್ಮ ಅತಿಥಿ ಹೇಗಿದ್ದರು ಎಂದು. ಜನವರಿ ಮೊದಲ ವಾರ ಬಿಲ್ಲೂ ಬಂತು. ನಾಲ್ಕು ರಾತ್ರಿಗೆ 8,800 ರೂಪಾಯಿ, ಅದರ ಮೇಲೆ ಶೇ 15 ಕಮಿಷನ್, ಕಮಿಷನ್ ಮೇಲೆ ಜಿಎಸ್‌ಟಿ, ಒಟ್ಟು 1,557 ರೂಪಾಯಿ 60 ಪೈಸೆ. ಅತಿಥಿ ಬಂದಿಲ್ಲ ಎಂದು 48 ಗಂಟೆಯೊಳಗೆ ಗುರುತು ಹಾಕಬೇಕಿತ್ತಂತೆ. ಅದಕ್ಕೆ ಬಟನ್ ಇದೆಯಂತೆ. ಆ ವಾರ ಕೊಯ್ಲಿನ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ.

ಅದಕ್ಕೂ ದೂರು ಕೊಟ್ಟಿದ್ದೇನೆ. ಟಿಕೆಟ್ ಈಗಾಗಲೇ ಒಂದು ಸಲ ಕ್ಲೋಸ್ ಆಗಿದೆ.

— ಹೋಂಸ್ಟೇ ನಡೆಸುವ ಗೃಹಿಣಿ, ಚಿಕ್ಕಮಗಳೂರು ಜಿಲ್ಲೆ
(ದಯವಿಟ್ಟು ಹೆಸರು ಹಾಕಬೇಡಿ. ಆಪ್‌ನಲ್ಲಿ ನಮ್ಮ ಮನೆ ಇನ್ನೂ ಇದೆ.)