ಜೀವಶಾಸ್ತ್ರದ ವಿಡಿಯೋಗಳಿಗೆ ಮೂಲೆಯಲ್ಲಿ ಮೂರು ಸಾಲು ಬೇಕು

ಮಾನ್ಯ ಸಂಪಾದಕರೇ,

ಜೀವಶಾಸ್ತ್ರದ ವಿಡಿಯೋಗಳು ಈಗ ಶಾಲೆಯ ಸ್ಮಾರ್ಟ್ ಬೋರ್ಡಿನಲ್ಲೂ ಇವೆ, ಅಜ್ಜ-ಅಜ್ಜಿಯರ ಮೊಬೈಲಿನಲ್ಲೂ ಇವೆ. ಒಳ್ಳೆಯದೇ. ಸೀಮೆಸುಣ್ಣದಲ್ಲಿ ಬರೆದ ಹೃದಯ ಮಿಡಿಯುವುದಿಲ್ಲವಲ್ಲ. ಆದರೆ ಮೂರು ಸಂಗತಿಗಳನ್ನು ಈ ವಿಡಿಯೋಗಳಲ್ಲಿ ಹೆಚ್ಚಿನವು ಹೇಳುವುದೇ ಇಲ್ಲ: ತೋರಿಸುತ್ತಿರುವ ವಸ್ತುವಿನ ನಿಜವಾದ ಗಾತ್ರ ಎಷ್ಟು, ವೇಗ ಎಷ್ಟು ಪಟ್ಟು ಬದಲಾಗಿದೆ, ಬಣ್ಣ ಅದರದ್ದೋ ಹಚ್ಚಿದ್ದೋ.

ಹೇಳದಿದ್ದರೆ ಏನಾಗುತ್ತದೆಂದು ಈರುಳ್ಳಿ ಪೊರೆಯ ಪ್ರಯೋಗದಲ್ಲಿ ನೋಡಬಹುದು. ವಿಡಿಯೋದ ಸಸ್ಯಕೋಶ ಹಸಿರು ಕ್ಲೋರೋಪ್ಲಾಸ್ಟ್ (ಬೆಳಕಿನಿಂದ ಆಹಾರ ತಯಾರಿಸುವ ಕಣ) ತುಂಬಿದ ಪೆಟ್ಟಿಗೆ, ನಟ್ಟನಡುವೆ ಕೋಶಕೇಂದ್ರ. ಅದನ್ನು ನೋಡಿ ಬಂದ ಮಕ್ಕಳು ಸೂಕ್ಷ್ಮದರ್ಶಕದಲ್ಲಿ ಕಾಣದ ಹಸಿರು ಚುಕ್ಕೆಗಳನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾರೆ. ಈರುಳ್ಳಿಯ ಬಿಳಿ ಪದರ ಆಹಾರ ಕೂಡಿಡುವ ಜಾಗ. ಅಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲ. ಕೋಶದ ನಡುವೆಲ್ಲ ದೊಡ್ಡ ರಸದಾನಿ, ಅಂದರೆ ರಸದ ಚೀಲ, ತುಂಬಿಕೊಂಡಿರುವುದರಿಂದ ಕೋಶಕೇಂದ್ರ ಬಹುಪಾಲು ಗೋಡೆಗೆ ಒತ್ತಿಕೊಂಡು ಕಾಣುತ್ತದೆ.

ಆದ್ದರಿಂದ ವಿಡಿಯೋ ನಿಲ್ಲಿಸಿ, ಮೊದಲು ಸ್ಲೈಡ್ ಮಾಡಿಸಬೇಕು. ದಪ್ಪ ಪದರದ ಒಳಮೈಯಿಂದ, ಅಂದರೆ ಬಟ್ಟಲಿನಂತೆ ತಗ್ಗಾದ ಕಡೆಯಿಂದ, ಪೊರೆ ಎಳೆದು 5 ಮಿ.ಮೀ. ತುಂಡು ಕತ್ತರಿಸಿ ಕೂಡಲೇ ನೀರಿನ ಹನಿಯಲ್ಲಿಡಿ. ಗಾಳಿಗೆ ಬಿಟ್ಟರೆ ಒಣಗಿ ಸುರುಳಿಯಾಗುತ್ತದೆ. ಮಡಚಿಕೊಂಡರೆ ಎರಡು ಪದರದ ಗೆರೆಗಳು ಒಂದರ ಮೇಲೊಂದು ಬಿದ್ದು ಬಲೆಯಂತೆ ಕಾಣುತ್ತವೆ. ಅಯೋಡಿನ್ ದ್ರಾವಣ ಒಂದೇ ಹನಿ, ಎರಡು ನಿಮಿಷ ಕಾಯಿರಿ. ಜಾಸ್ತಿಯಾದರೆ ಎಲ್ಲವೂ ಕಂದಾಗಿ ಕೋಶಕೇಂದ್ರ ಬೇರೆಯಾಗಿ ಕಾಣುವುದಿಲ್ಲ. ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಬೇಕು. ಧೊಪ್ಪನೆ ಬಿಟ್ಟರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪು ಅಂಚಿನ ಆ ದುಂಡು ಗುಳ್ಳೆಯನ್ನೇ ಜೀವಕೋಶವೆಂದು ಬರೆದ ರೆಕಾರ್ಡುಗಳಿಗೆ ಲೆಕ್ಕವಿಲ್ಲ. 10 ಪಟ್ಟಿನ ನೇತ್ರಮಸೂರ, 10 ಪಟ್ಟಿನ ವಸ್ತುಮಸೂರ, ಒಟ್ಟು 100 ಪಟ್ಟು ಸಾಕು. ಮಕ್ಕಳು ಕಂಡಷ್ಟನ್ನೇ ಬರೆದ ಮೇಲೆ ವಿಡಿಯೋ ಮುಂದುವರಿಸಿ, 'ಇದರಲ್ಲಿ ಇದ್ದದ್ದು, ನಿಮಗೆ ಕಾಣದ್ದು ಏನು? ಯಾಕೆ?' ಎಂದು ಕೇಳಿದರೆ ಪಾಠ ಅಲ್ಲಿಂದ ಶುರುವಾಗುತ್ತದೆ.

ಗಾತ್ರದ ಸಾಲಿನಲ್ಲಿ 'ಇಷ್ಟು ಪಟ್ಟು' ಎಂದು ಬರೆದರೆ ಪ್ರಯೋಜನವಿಲ್ಲ. ಅದೇ ವಿಡಿಯೋ ಮೊಬೈಲಿನಲ್ಲಿ ಒಂದು ಪಟ್ಟು, ಪ್ರೊಜೆಕ್ಟರಿನಲ್ಲಿ ಇನ್ನೊಂದು. ಕೆಂಪು ರಕ್ತಕಣದ ಅಡ್ಡಗಲ 7ರಿಂದ 8 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ); ಪರದೆಯ ಮೇಲೆ ಊಟದ ತಟ್ಟೆಯಷ್ಟು, 30 ಸೆಂ.ಮೀ. ಕಂಡರೆ ಅದು ಸುಮಾರು 40,000 ಪಟ್ಟು. ಚಿತ್ರದೊಳಗೇ ಒಂದು ಅಳತೆಗೆರೆ ಎಳೆದು '10 ಮೈಕ್ರೋಮೀಟರ್' ಎಂದು ಬರೆದರೆ ಪರದೆ ಯಾವುದಾದರೂ ಲೆಕ್ಕ ತಪ್ಪುವುದಿಲ್ಲ.

ಬಣ್ಣದ್ದು ಬೇಗ ಮುಗಿಯುವ ಮಾತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಕಪ್ಪು-ಬಿಳುಪು. ಬಣ್ಣ ಆಮೇಲೆ ಹಚ್ಚಿದ್ದು. ಹೃದಯಕ್ಕೆ ರಕ್ತ ಮರಳಿ ತರುವ ಅಭಿಧಮನಿಯ ರಕ್ತ ನೀಲಿಯಲ್ಲ, ಕಡುಗೆಂಪು. ನೀಲಿ ಎಂಬುದು ಚಿತ್ರ ಬರೆಯುವವರ ಗುರುತು ಮಾತ್ರ.

ವೇಗ ತಿಳಿಯಲು ಮನೆಯಲ್ಲೇ ಒಂದು ವಿಡಿಯೋ ಮಾಡಿಸಿ. ರಾತ್ರಿ ನೆನೆಹಾಕಿದ ಹೆಸರುಕಾಳನ್ನು ಗಾಜಿನ ಲೋಟದ ಗೋಡೆಗೂ ಒದ್ದೆ ಟಿಶ್ಯೂ ಪೇಪರಿಗೂ ನಡುವೆ ಸಿಕ್ಕಿಸಿ. ತಳದಲ್ಲಿ ಒಂದು ಬೆರಳು ನೀರು ಸಾಕು. ಕಾಳು ಮುಳುಗಿದರೆ ಗಾಳಿ ಸಿಗದೆ ಕೊಳೆಯುತ್ತದೆ. ಮೊಬೈಲನ್ನು ಚಾರ್ಜರಿಗೆ ಹಾಕಿ, ಫ್ಲೈಟ್ ಮೋಡಿನಲ್ಲಿಟ್ಟು, ಫೋಕಸ್ ಲಾಕ್ ಮಾಡಿ, 10 ನಿಮಿಷಕ್ಕೊಂದು ಫೋಟೋ. 5 ದಿನಕ್ಕೆ 720 ಫೋಟೋ. ಸೆಕೆಂಡಿಗೆ 24ರಂತೆ ಓಡಿಸಿದರೆ 30 ಸೆಕೆಂಡಿನ ವಿಡಿಯೋ, ಅಂದರೆ 14,400 ಪಟ್ಟು ವೇಗ. ಕಿಟಕಿಯ ಬೆಳಕನ್ನು ನಂಬಿದರೆ ಹಗಲು-ರಾತ್ರಿ ಸೇರಿ ಚಿತ್ರ ಮಿಣುಕುತ್ತದೆ. ಮೇಲಿನಿಂದ ಬೀಳುವ ಒಂದೇ ಎಲ್ಇಡಿ ಬಲ್ಬ್ ಇರಲಿ. ಪಕ್ಕದಲ್ಲಿಟ್ಟರೆ ಸಸಿ ಅತ್ತಲೇ ವಾಲುತ್ತದೆ. ಕ್ಯಾಮೆರಾ ತೆಗೆದ ಮೇಲೆ ಲೋಟವನ್ನು ಅಡ್ಡ ಮಲಗಿಸಿ ಕಾಗದದ ತೇವ ಆರದಂತೆ ನೋಡಿಕೊಂಡರೆ, ಬೇರಿನ ತುದಿ ಕೆಲವೇ ಗಂಟೆಗಳಲ್ಲಿ ನೆಲದತ್ತ ಬಾಗುವುದೂ ಕಣ್ಣಿಗೆ ಬೀಳುತ್ತದೆ.

ಕೆಲವೊಮ್ಮೆ ವೇಗ ಇಳಿಸಿರುತ್ತಾರೆ. 2006ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಿಗಾಗಿ ತಯಾರಾದ ಪ್ರಸಿದ್ಧ ಅನಿಮೇಷನ್ನಿನಲ್ಲಿ ಕೋಶದೊಳಗೆ ಸರಕು ಸಾಗಿಸುವ ಕೈನೆಸಿನ್ ಎಂಬ ಪ್ರೋಟೀನ್ ಮೂಟೆ ಹೊತ್ತ ಹಮಾಲನಂತೆ ಒಂದೊಂದೇ ಹೆಜ್ಜೆ ಇಡುತ್ತದೆ. ನಿಜದ ಕೈನೆಸಿನ್ 8 ನ್ಯಾನೋಮೀಟರಿನ (ನ್ಯಾನೋಮೀಟರ್ ಎಂದರೆ ಮೈಕ್ರೋಮೀಟರಿನ ಸಾವಿರದಲ್ಲೊಂದು ಭಾಗ) ಹೆಜ್ಜೆಗಳನ್ನು ಸೆಕೆಂಡಿಗೆ ಸುಮಾರು 100 ಇಡಬಲ್ಲದು, ಅದೂ ಸಂತೆಯ ದಿನದ ಬಸ್‌ಸ್ಟ್ಯಾಂಡಿನಂಥ ಅಣುಗಳ ನೂಕುನುಗ್ಗಲಿನಲ್ಲಿ ಅಲುಗಾಡುತ್ತಾ. ನಮಗೆ ಕಾಣಲೆಂದು ಆ ಗುಂಪನ್ನು ಚಿತ್ರದಿಂದ ತೆಗೆದಿದ್ದಾರೆ. ತೆಗೆದದ್ದು ತಪ್ಪಲ್ಲ, ತೆಗೆದಿದ್ದೇವೆ ಎಂದು ಹೇಳಬೇಕು.

ಹಿರಿಯರ ವಿಷಯದಲ್ಲಿ ಇದು ಪರೀಕ್ಷೆಯ ಅಂಕಕ್ಕೆ ನಿಲ್ಲುವುದಿಲ್ಲ. ಹೃದಯದ ರಕ್ತನಾಳವನ್ನು ಅಡುಗೆಮನೆ ಸಿಂಕಿನ ಪೈಪಿನಂತೆ ತೋರಿಸುವ ವಿಡಿಯೋಗಳು ಹೇರಳ: ಒಳಗೆ ಹಳದಿ ಜಿಡ್ಡು ಅಂಟುತ್ತಾ ಅಂಟುತ್ತಾ ಒಂದು ದಿನ ಪೂರ್ತಿ ಕಟ್ಟಿಕೊಳ್ಳುತ್ತದೆ. ನಿಜದಲ್ಲಿ ಕೊಬ್ಬು ಸೇರುವುದು ಒಳಪೊರೆಯ ಅಡಿಯಲ್ಲಿ, ನಾಳದ ಗೋಡೆಯೊಳಗೆ. ಬಹಳಷ್ಟು ಹೃದಯಾಘಾತಗಳಲ್ಲಿ ಆ ಗಂಟಿನ ತೆಳು ಹೊದಿಕೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನಾಳ ಅರ್ಧದಷ್ಟೂ ಕಿರಿದಾಗದ ಕಡೆಯೂ ಹೀಗಾಗಬಹುದು. ಪೈಪಿನ ಚಿತ್ರ ನಂಬಿದವರು ಪೈಪ್ ತೊಳೆಯುವ ಕಷಾಯ ಹುಡುಕುತ್ತಾರೆ. ರಕ್ತ ಹೆಪ್ಪುಗಟ್ಟದಿರಲೆಂದು ವೈದ್ಯರು ಬರೆದ ಮಾತ್ರೆಯನ್ನು 'ಬ್ಲಾಕ್ ಕಮ್ಮಿ ಇದೆಯಲ್ಲ' ಎಂದು ಬಿಟ್ಟುಬಿಡುತ್ತಾರೆ.

ಕನ್ನಡದಲ್ಲಿ ವಿಡಿಯೋ ಮಾಡುವವರೂ ಶಾಲೆಗಳಿಗೆ ಅದನ್ನು ಆಯ್ದು ಕೊಡುವವರೂ ಈ ಮೂರು ಸಾಲುಗಳನ್ನು ಕಡ್ಡಾಯ ಮಾಡಿಕೊಳ್ಳಲಿ. ಧ್ವನಿ ಮಾತ್ರ ಕನ್ನಡವಾಗಿ, ಚಿತ್ರದ ಮೇಲಿನ ಹೆಸರುಗಳು ಇಂಗ್ಲಿಷಿನಲ್ಲೇ ಉಳಿಯುವ ಅರೆಬರೆ ಡಬ್ಬಿಂಗ್ ಕೂಡ ನಿಲ್ಲಲಿ. ಮೂರು ಸಾಲಿಗೆ ಪರದೆಯ ಎಡ ಕೆಳಮೂಲೆ ಸಾಕು. ಬಲಮೂಲೆಯಲ್ಲಿ ಹೇಗೂ ಚಾನೆಲ್ಲಿನ ಲೋಗೋ ಕೂತಿರುತ್ತದೆ.

– ಜೀವಶಾಸ್ತ್ರ ಶಿಕ್ಷಕರು