ಹಲ್ಲಿನ ಡಾಕ್ಟರಿಗೆ ಹೋಬಳಿಯಲ್ಲಿ ಹುದ್ದೆ ಕೊಡಿ

ಮಾನ್ಯ ಸಂಪಾದಕರೆ,

ನೀಟ್ ಫಲಿತಾಂಶ ಬಂತೆಂದರೆ ಹಲ್ಲುನೋವು ಇಲ್ಲದವರೂ ನನ್ನ ಕ್ಲಿನಿಕ್‌ಗೆ ಬರುತ್ತಾರೆ. ಮಗಳಿಗೆ ಎಂಬಿಬಿಎಸ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿರುವುದಿಲ್ಲ. ಹಲ್ಲಿನ ಡಾಕ್ಟರ ಪದವಿಯಾದ ಬಿಡಿಎಸ್ ಬಗ್ಗೆ ವಿಚಾರಿಸುತ್ತಾರೆ. ‘ಮೇಡಂ, ಬಿಡಿಎಸ್‌ಗೆ ಹಚ್ಚಬಹುದೇನ್ರಿ? ಮುಂದ ನೌಕರಿ ಸಿಗ್ತದೇನ್ರಿ?’ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ನಿಮ್ಮ ಪತ್ರಿಕೆಯ ಮೂಲಕ ಸರ್ಕಾರಕ್ಕೂ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಿಂಧನೂರಿನಲ್ಲಿ ಹಲ್ಲಿನ ಡಾಕ್ಟರು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ಮೊದಲು ಬೆಂಗಳೂರಿನ ಒಂದು ಕ್ಲಿನಿಕ್ ಸೇರಿದ್ದೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಸಂಬಳ 15 ಸಾವಿರ. ಪಿಜಿ ಬಾಡಿಗೆ, ಬಸ್ ಪಾಸ್ ಕಳೆದರೆ ಊರಿಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಜಾಸ್ತಿ ಕೇಳಿದರೆ, ಈ ಜಾಗಕ್ಕೆ ಬೇರೆಯವರು ಕಾಯುತ್ತಿದ್ದಾರೆ ಅನ್ನುವ ಉತ್ತರ. ಅದು ಸುಳ್ಳೂ ಅಲ್ಲ. ರಾಜ್ಯದಲ್ಲಿ ನಲವತ್ತರ ಆಸುಪಾಸು ದಂತ ಕಾಲೇಜುಗಳಿವೆ, ಹೆಚ್ಚಿನವು ಖಾಸಗಿ. ಅಲ್ಲಿಂದ ಹೊರಬಂದವರೆಲ್ಲ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅವೇ ರಸ್ತೆಗಳಲ್ಲಿ ಬೋರ್ಡು ಹಾಕುತ್ತಾರೆ. ನನ್ನ ಬ್ಯಾಚಿನ ಎಷ್ಟೋ ಜನ ಈಗ ಮೆಡಿಕಲ್ ಕೋಡಿಂಗ್ ಕಂಪನಿಗಳಲ್ಲಿದ್ದಾರೆ, ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಕೋಡ್ ಹಾಕುತ್ತಾರೆ. ಕೈಗೆ ಹತ್ತಿದ್ದ ಕೆಲಸ ಮರೆತುಹೋಗ್ತಿದೆ ಅಂತ ಒಬ್ಬ ಗೆಳತಿ ಫೋನಿನಲ್ಲಿ ಅತ್ತಿದ್ದಳು.

ಹಾಗಾದರೆ ಹಲ್ಲಿನ ಡಾಕ್ಟರು ಅತಿಯಾಗಿಬಿಟ್ಟಿದ್ದಾರಾ? ನಮ್ಮ ಕಡೆ ಬಂದು ನೋಡಿ. ಹೋದ ತಿಂಗಳು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಹುಡುಗನೊಬ್ಬ ಬಂದಿದ್ದ. ಇಪ್ಪತ್ತೆರಡು ವಯಸ್ಸಿರಬಹುದು. ಬಾಯಿ ತೆರೆದರೆ ಅವರವರದೇ ಮೂರು ಬೆರಳು ನೆಟ್ಟಗೆ ಹಿಡಿಸಬೇಕು. ಇವನಿಗೆ ಒಂದು ಬೆರಳು ಕಷ್ಟದಿಂದ ಹೋಯಿತು. ಕೆನ್ನೆಯ ಒಳಭಾಗ ಬೆಳ್ಳಗಾಗಿ ಹಗ್ಗದ ಹಾಗೆ ಬಿಗಿದಿತ್ತು. ಖಾರ ತಾಗಿದರೆ ಉರಿ ಅಂತ ವರ್ಷದಿಂದ ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದನಂತೆ. ಗುಟ್ಕಾದ ಅಡಿಕೆಯಿಂದ ಬರುವ ರೋಗ ಇದು. ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದ, ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟಿದ್ದರು. ಅವರನ್ನು ದೂರಲಾರೆ. ಅಲ್ಲಿ ಹಲ್ಲಿನ ಡಾಕ್ಟರೇ ಇರುವುದಿಲ್ಲ.

ಹಳ್ಳಿಗೆ ಹೋಗಿ ಕ್ಲಿನಿಕ್ ಹಾಕಿ ಅನ್ನುವವರಿದ್ದಾರೆ. ನಾನು ಹಾಕಿದ್ದು ಅಪ್ಪ ಹೊಲ ಒತ್ತೆ ಇಟ್ಟು ಕೊಟ್ಟ ದುಡ್ಡಿನಲ್ಲಿ. ಅದೂ ತಾಲ್ಲೂಕು ಊರಲ್ಲಿ. ಹೋಬಳಿಯಲ್ಲಿ ನಡೆಯುವುದಿಲ್ಲ. ರೂಟ್ ಕೆನಾಲ್‌ಗೆ ಎರಡು ಮೂರು ಸಲ ಬರಬೇಕು, ಅಷ್ಟು ದಿನದ ಕೂಲಿ ಹೋಗುತ್ತದೆ. ಅದಕ್ಕೇ ಉಳಿಸಬಹುದಾದ ಹಲ್ಲನ್ನೂ ‘ಕಿತ್ತುಬಿಡ್ರಿ’ ಅನ್ನುತ್ತಾರೆ. ಕೀಳುವುದರಿಂದ ಬರುವ ದುಡ್ಡಿನಲ್ಲಿ ಬಾಡಿಗೆ, ಬ್ಯಾಂಕಿನ ಕಂತು ಎರಡೂ ಕಟ್ಟಲು ಆಗುವುದಿಲ್ಲ. ರೋಗಿಗಳಿಗೇನೂ ಕೊರತೆ ಇಲ್ಲ, ಆದರೆ ಅವರ ಕೈಯಲ್ಲಿ ಕಾಸಿಲ್ಲ. ಇಂಥ ಕಡೆ ಸಂಬಳ ಕೊಟ್ಟು ಡಾಕ್ಟರನ್ನು ಕೂರಿಸುವುದು ಸರ್ಕಾರದ ಕೆಲಸ ಅಲ್ವಾ?

ಸಮುದಾಯ ಆರೋಗ್ಯ ಕೇಂದ್ರದಲ್ಲಿ ದಂತವೈದ್ಯರು ಇರಬೇಕೆಂದು ಸರ್ಕಾರಿ ಆಸ್ಪತ್ರೆಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ ಐಪಿಎಚ್‌ಎಸ್ ಮಾನದಂಡವೇ ಹೇಳುತ್ತದೆ. ಸುಮಾರು 1.2 ಲಕ್ಷ ಜನಕ್ಕೆ ಅಂಥ ಒಂದು ಕೇಂದ್ರ. ಆ ಹುದ್ದೆಯನ್ನು ಕಾಯಂ ಆಗಿ ತುಂಬಬೇಕು, ವರ್ಷ ವರ್ಷ ನವೀಕರಿಸುವ ಗುತ್ತಿಗೆ ಬೇಡ. ಅದೇ ಡಾಕ್ಟರು ವಾರದಲ್ಲಿ ಎರಡು ದಿನ ಸುತ್ತಲಿನ ಪ್ರಾಥಮಿಕ ಕೇಂದ್ರಗಳಿಗೆ ಹೋಗಿ ಬಾಯಿ ತೆರೆಸಿ ನೋಡಲಿ. ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲುಸೆಟ್ ಕೊಡುವ ದಂತ ಭಾಗ್ಯ ಯೋಜನೆ ಒಳ್ಳೆಯದೇ. ಆದರೆ ಅಳತೆಗೆ, ಮೇಣದ ಟ್ರಯಲ್‌ಗೆ, ಹಾಕಿಸಲು, ಒತ್ತಿದಲ್ಲಿ ಸರಿಮಾಡಿಸಲು ಅಂತ ಮುದುಕರು ದೂರದ ದಂತ ಕಾಲೇಜಿಗೆ ಎಷ್ಟು ಸಲ ಅಲೆಯಬೇಕು? ಇದೂ ಹತ್ತಿರದಲ್ಲೇ ಆಗಬಹುದು.

ಡಾಕ್ಟರನ್ನು ಹಾಕಿ ಸುಮ್ನೆ ಕೂರಿಸಿದರೂ ಪ್ರಯೋಜನವಿಲ್ಲ. ಕಂಪ್ರೆಸರ್ ಕೆಟ್ಟರೆ ಡ್ರಿಲ್ ತಿರುಗುವುದಿಲ್ಲ, ಸಲಕರಣೆಗಳನ್ನು ಬಿಸಿ ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ ಇಲ್ಲದೆ ಒಂದು ಹಲ್ಲನ್ನೂ ಕೀಳಬಾರದು. ನಮ್ಮ ಭಾಗದಲ್ಲಿ ಈ ಸಾಮಾನಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹಣ ಕೊಡಲಿ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಇಲ್ಲಿನ ಮಕ್ಕಳಿಗೆ ನೌಕರಿಯಲ್ಲಿ ಮೀಸಲಾತಿ ಇದೆ. ಹುದ್ದೆಗೆ ಅರ್ಜಿಯನ್ನೇ ಕರೆಯದಿದ್ದರೆ ಅದರಿಂದ ಏನು ಸಿಕ್ಕೀತು?

ಕೇಳಲು ಬರುವ ತಂದೆತಾಯಿಗೆ ನಾನು ಹೇಳುವುದಿಷ್ಟು. ಮಗುವಿಗೆ ಈ ಕೆಲಸ ನಿಜವಾಗಿ ಇಷ್ಟವಿದ್ದು ಸರ್ಕಾರಿ ಸೀಟು ಸಿಕ್ಕರೆ ಸೇರಿಸಿ. ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಬೇಡಿ. ಆರೋಗ್ಯ ಇಲಾಖೆಯೂ ಒಂದು ಉಪಕಾರ ಮಾಡಲಿ. ಯಾವ ತಾಲ್ಲೂಕಿನಲ್ಲಿ ದಂತವೈದ್ಯರ ಎಷ್ಟು ಹುದ್ದೆಗಳಿವೆ, ಎಷ್ಟು ಖಾಲಿ ಇವೆ, ಯಾವಾಗ ತುಂಬುತ್ತಾರೆ ಅನ್ನುವುದನ್ನು ಪ್ರತಿ ವರ್ಷ ಸೀಟು ಹಂಚುವ ಕೌನ್ಸೆಲಿಂಗ್‌ಗೆ ಮೊದಲೇ ಪ್ರಕಟಿಸಲಿ.

– ಒಬ್ಬ ದಂತವೈದ್ಯೆ, ಸಿಂಧನೂರು